ಬಚ್ಚಲುಮನೆಗೆ ನಾಲೆ ತಂದ ಮಾವ

ನನ್ನ ಸೋದರಮಾವ ಅರವತ್ತು ದಾಟುವವರೆಗೆ ಒಂದು ದಿನವೂ ತಾವಾಗಿ ಸ್ನಾನ ಮಾಡಿದವರಲ್ಲ!

ದಯವಿಟ್ಟು ಮೂಗು ಮುಚ್ಚಿಕೊಳ್ಳಬೇಡಿ. ಮನುಷ್ಯ ಶುಭ್ರವಾಗಿಯೇ ಇದ್ದರು, ಈಗಲೂ ಇದ್ದಾರೆ. ನಾನು ಹೇಳಿದ್ದು ಸ್ನಾನ ಮಾಡುವ ಶ್ರಮದ ವಿಚಾರ. ವಾರದ ದಿನಗಳಲ್ಲಿ ಅವರು ಪಂಚೆ ಎತ್ತಿ ಕಟ್ಟಿ ನಾಲೆಗಿಳಿದು, ಸೊಂಟದ ಮಟ್ಟದ ನೀರಿನಲ್ಲಿ ಒಮ್ಮೆ ಮುಳುಗಿ, ಆಮೇಲೆ ಸುಮ್ಮನೆ ನಿಂತುಬಿಡುತ್ತಿದ್ದರು. ಮಿಕ್ಕದ್ದನ್ನು ನಾಲೆ ಮಾಡುತ್ತಿತ್ತು. ಶನಿವಾರ ಬಂತೆಂದರೆ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬಚ್ಚಲಲ್ಲಿ ಮಣೆಯ ಮೇಲೆ ಕೂರುತ್ತಿದ್ದರು. ಮಿಕ್ಕದ್ದನ್ನು ಅತ್ತೆ ಮಾಡುತ್ತಿದ್ದರು. ಹೀಗೆ ಒಂದು ಚೊಂಬು ನೀರನ್ನು ತಮ್ಮ ಕೈಯಾರೆ ತಮ್ಮ ನೆತ್ತಿಯ ಮೇಲೆ ಸುರಿದುಕೊಳ್ಳುವ ಪರಿಸ್ಥಿತಿಗೆ ಒಳಗಾಗದೆ ಆಯುಷ್ಯದ ಬಹುಭಾಗವನ್ನು ಕಳೆದ ಪುಣ್ಯಾತ್ಮರು. ಇಂಥವರು ಒಂದು ದಿನ ಎದ್ದು, ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಹುಡುಕಿದರೂ ಸಿಗದಂಥ ಶವರ್ ಒಂದನ್ನು ಸ್ವತಃ ಕಟ್ಟುತ್ತೇನೆಂದು ಹೊರಟರೆ ನೀವೇನು ಮಾಡುತ್ತೀರಿ? ನಾನು ನಕ್ಕೆ. ನಕ್ಕ ತಪ್ಪಿಗೆ ಆ ಕಾಮಗಾರಿಯ ಸಹಾಯಕನಾಗಿ ನೇಮಕಗೊಂಡೆ.

ಅವರ ಊರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ತುಸು ಒಳಗೆ, ನಾಲೆಯ ಏರಿಗೆ ಒರಗಿಕೊಂಡಂತಿರುವ ಒಂದು ಹಳ್ಳಿ. ಸರ್ಕಾರಿ ನೌಕರಿಯಲ್ಲಿದ್ದಾಗ ಅವರ ಕೆಲಸ ನಾಲೆಯ ತೂಬುಗಳ ಉಸ್ತುವಾರಿ. ತೂಬು ಎಂದರೆ ನಾಲೆಯ ನೀರನ್ನು ಗದ್ದೆಯ ಕಡೆಗೆ ಬಿಡುವ ಬಾಗಿಲು. ಅದರ ನೆತ್ತಿಯ ಮೇಲೊಂದು ಕಬ್ಬಿಣದ ಚಕ್ರ. ಆ ಚಕ್ರವನ್ನು ಮಾವ ಅರ್ಧ ಸುತ್ತು ತಿರುಗಿಸಿದರೆ ನಾಲೆಯ ಕೊನೆಭಾಗದ ಗದ್ದೆಗಳು ನಗುತ್ತಿದ್ದವು, ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದರೆ ಗದ್ದೆಯ ಯಜಮಾನರು ಅಳುತ್ತಿದ್ದರು. ಬೆಳಗಾಗುವಷ್ಟರಲ್ಲಿ ಅವರ ಅಂಗಳದಲ್ಲಿ ಯಾರಾದರೊಬ್ಬರು ಟವೆಲ್ಲನ್ನು ಕಂಕುಳಲ್ಲಿಟ್ಟುಕೊಂಡು ನಿಂತಿರುತ್ತಿದ್ದರು.

“ಸಾಮಿ, ಇವತ್ತೊಂದಿನ ನೀರ್ ಬುಡಿ. ಪೈರು ಬಾಯ್ ಬುಡ್ತಾ ಅವೆ.”

ಮಾವ ಬೇವಿನಕಡ್ಡಿಯನ್ನು ಬಾಯಿಯ ಎಡದಿಂದ ಬಲಕ್ಕೆ ದಾಟಿಸಿ, ಆಕಾಶ ನೋಡಿ, “ನೋಡಾನ” ಎನ್ನುತ್ತಿದ್ದರು. ಉಚ್ಚ ನ್ಯಾಯಾಲಯಗಳು ತೀರ್ಪು ಕಾಯ್ದಿರಿಸುವಾಗ ಇಷ್ಟು ಗಾಂಭೀರ್ಯ ಇರುತ್ತದೋ ಇಲ್ಲವೋ ನಾನರಿಯೆ!

ನಿವೃತ್ತಿಯಾದ ಮೇಲೆ ಅಂಗಳ ಖಾಲಿಯಾಯಿತು. ಆದರೆ ಮಾವ ಅದೇ ಹೊತ್ತಿಗೆ ಎದ್ದು, ಅದೇ ಬೇವಿನಕಡ್ಡಿ ಹಿಡಿದು, ಯಾರೂ ಇಲ್ಲದ ಅಂಗಳದಲ್ಲಿ ನಿಂತು ಆಕಾಶ ನೋಡುವುದನ್ನು ಬಿಡಲಿಲ್ಲ. ನಾಲೆಗೆ ನೀರನ್ನು ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯನ್ನು ಮನೆಯ ನಲ್ಲಿಗಳಿಗೆ ವಿಸ್ತರಿಸಿದರು. ನನ್ನ ಹೆಂಡತಿ ಮದುವೆಯಾದ ಹೊಸದರಲ್ಲಿ ಅವರ ಮನೆಗೆ ಹೋಗಿ, ಮುಖಕ್ಕೆಲ್ಲ ಸೋಪು ಹಚ್ಚಿಕೊಂಡು ಕುರುಡುಗೈಯಲ್ಲಿ ನಲ್ಲಿ ತಿರುಗಿಸಿದರೆ ನೀರಿಲ್ಲ. ಹಿತ್ತಿಲಿನಿಂದ ಮಾವನ ದನಿ ಮಾತ್ರ ಬಂತು:

“ನಿನ್ ಸರದಿ ಮುಗೀತು ಕಣಮ್ಮ. ಈಗ ತೆಂಗಿನಗಿಡದ್ದು.”

ಅಂದಿನಿಂದ ನನ್ನ ಹೆಂಡತಿ ಅವರ ಮನೆಗೆ ಮುಖ ತೊಳೆದುಕೊಂಡೇ ಹೋಗುತ್ತಾಳೆ.

ಇಂಥ ನೀರಿನ ದೊರೆಯನ್ನು ಆಳುತ್ತಿದ್ದವರು ಅತ್ತೆ. ಅವರ ದರ್ಬಾರು ನಡೆಯುತ್ತಿದ್ದುದು ಶನಿವಾರದ ಬಚ್ಚಲಲ್ಲಿ. ವಾರವೆಲ್ಲ ಮನೆಯ ಯಾವ ವಿಚಾರ ತೆಗೆದರೂ “ನೋಡಾನ” ಎಂದು ಜಾರಿಕೊಳ್ಳುವ ಗಂಡ ಅಂದು ಮಾತ್ರ ಮಣೆಯ ಮೇಲೆ, ಮೈತುಂಬ ಎಣ್ಣೆ, ತಲೆತುಂಬ ಸೀಗೆಪುಡಿ, ಎರಡು ಕಣ್ಣೂ ಮುಚ್ಚಿ ಕೈಗೆ ಸಿಕ್ಕಿರುತ್ತಿದ್ದರು. ಅತ್ತೆ ತವರಿನಿಂದ ತಂದ ತಾಮ್ರದ ಚೊಂಬನ್ನು ಹಂಡೆಗೆ ಅದ್ದಿ, ಎತ್ತಿ, ಸುರಿಯದೆ ಹಿಡಿದುಕೊಂಡು ನಿಲ್ಲುತ್ತಿದ್ದರು.

“ಕಣ್ಗೆ ಸೀಗೆಪುಡಿ ಓಯ್ತು ಕಣಮ್ಮಿ, ನೀರ್ ಉಯ್ಯಿ!”

“ಉಯ್ತೀನಿ. ಮೊದ್ಲು ಒಂದ್ ಮಾತೇಳಿ, ಮಗೀನ ಮಳವಳ್ಳಿ ಇಸ್ಕೂಲ್ಗೆ ಸೇರುಸ್ತೀರೋ ಇಲ್ವೋ?”

“ನೋಡಾನ... ಅಯ್ಯಯ್ಯೋ! ಸೇರುಸ್ತೀನಿ, ಸೇರುಸ್ತೀನಿ! ಉಯ್ಯೇ ನಮ್ಮವ್ವ!”

ದಬದಬನೆ ನೀರು. ಆ ಮನೆಯ ಹೆಂಚು ಹೋಗಿ ತಾರಸಿ ಬಂದದ್ದು ಹೀಗೆ. ಮಗಳನ್ನು ಮಳವಳ್ಳಿಗೇ ಕೊಟ್ಟದ್ದು ಹೀಗೆ. ಎಮ್ಮೆ ಹೋಗಿ ಹಸು ಬಂದದ್ದು, ಫ್ರಿಜ್ಜು ಬಂದದ್ದು, ನನಗೆ ಹೆಣ್ಣು ನೋಡಲು ಮಾವ ಬಂದದ್ದು ಸಹ ಹೀಗೆಯೇ. ಕಣ್ಣಿಗೆ ಸೀಗೆಪುಡಿ ಹೋದ ಗಂಡಸು ಒಪ್ಪದ ಷರತ್ತು ಭೂಮಿಯ ಮೇಲೆ ಯಾವುದಿದೆ ಹೇಳಿ! ಹಾಗೆಂದು ಅಲ್ಲಿ ಬರೀ ಜಗಳ ನಡೆಯುತ್ತಿತ್ತೆಂದು ಭಾವಿಸಬೇಡಿ. ತೀರ್ಮಾನ ಹೊರಬಿದ್ದ ಮೇಲೂ ನೀರಿನ ಸದ್ದು, ಮಾತಿನ ಸದ್ದು, ಆಗೊಮ್ಮೆ ಈಗೊಮ್ಮೆ ಅತ್ತೆಯ ನಗು, ಇಷ್ಟೂ ಕೂಡಿ ಹಂಡೆ ಬರಿದಾಗುವವರೆಗೆ ಹಿತ್ತಿಲಿಗೆ ಕೇಳುತ್ತಿತ್ತು. ವಾರದಲ್ಲಿ ಗಂಡಹೆಂಡತಿ ಕೂತು ಮಾತಾಡುತ್ತಿದ್ದುದು ಅಷ್ಟೇ ಹೊತ್ತು.

ಹೋದ ವರ್ಷ ಅತ್ತೆಯ ಬಲಭುಜ ಕೈಕೊಟ್ಟಿತು. ಕೈ ಎದೆಯ ಮಟ್ಟಕ್ಕೆ ಬರುತ್ತದೆ, ಅದರಿಂದ ಮೇಲಕ್ಕೆ ಒಂದು ಬೆರಳಿನಷ್ಟೂ ಏರುವುದಿಲ್ಲ. ಎಡಗೈಯಲ್ಲಿ ಹಂಡೆಯಿಂದ ಚೊಂಬು ಎತ್ತುವ ಬಲವಿಲ್ಲ. ಮಂಡ್ಯದ ಡಾಕ್ಟರು ವ್ಯಾಯಾಮ ಹೇಳಿಕೊಟ್ಟು, ವಾಸಿಯಾಗಲು ಬಹಳ ಕಾಲ ಬೇಕು, ಪೂರ್ತಿ ಮೊದಲಿನಂತಾಗುತ್ತದೆಂದು ಹೇಳಲಾರೆ ಎಂದರು. ಶನಿವಾರದ ದರ್ಬಾರು ನಿಂತಿತು. ಮಾವ ಅಂದೂ ನಾಲೆಗೇ ಹೋಗತೊಡಗಿದರು. ಅದಾದರೂ ಸಹ್ಯ. ಆದರೆ ಅತ್ತೆಗೆ ತಮ್ಮ ತಲೆಗೇ ನೀರು ಹಾಕಿಕೊಳ್ಳಲು ಆಗುತ್ತಿರಲಿಲ್ಲವಲ್ಲ! ಅವರದು ಈ ವಯಸ್ಸಿನಲ್ಲೂ ಮಂಡಿಗೆ ಬಡಿಯುವ ಕೂದಲು. ನಮ್ಮ ಬಳಗದಲ್ಲಿ ಹೆಮ್ಮೆಪಡುವಂಥದ್ದು ಮುಖ್ಯವಾಗಿ ಅದೊಂದೇ.

ಮಗಳು ಮಳವಳ್ಳಿಯಿಂದ ಬಂದು ನೀರು ಹಾಕುತ್ತೇನೆಂದಳು. ಅತ್ತೆ ಮಣೆಯನ್ನೇ ಎತ್ತಿ ಬಾಗಿಲಿಗೆ ಅಡ್ಡ ಇಟ್ಟರು.

“ಇನ್ನೊಬ್ರ ಕೈಲಿ ಮೀಸ್ಕೊಳೋದು ಮಕ್ಳು, ಇಲ್ಲಾಂದ್ರೆ ಎಣ. ನಾನ್ ಎರಡೂ ಅಲ್ಲ.”

“ಮತ್ತೆ ನಮ್ಮಪ್ಪಯ್ಯಂಗೆ ನೀನು ಇಷ್ಟ್ ವರ್ಷ ಮೀಸ್ಲಿಲ್ವೇನವ್ವ?”

“ಅವ್ರು ಮಗೀನೇ ಅಲ್ವಾ!”

ಆಮೇಲೆ ಊಟದ ಹೊತ್ತಿನಲ್ಲಿ, ಸಾರಿಗೆ ಉಪ್ಪು ಸಾಲದು ಎನ್ನುವಷ್ಟೇ ತಣ್ಣಗೆ, ಅತ್ತೆ ತಮ್ಮ ನಿರ್ಧಾರ ಪ್ರಕಟಿಸಿದರು. “ನೀರ್ ತುಂಬೋ ಹಬ್ಬದ ಎಣ್ಣೆನೀರು ನಾನೇ ಮಿಂದ್ರೆ ಸರಿ. ಆಗ್ನಿಲ್ವಾ, ಬೆಟ್ಟಕ್ಕೋಗಿ ದ್ಯಾವ್ರಿಗೆ ಮುಡಿ ಕೊಟ್ಬುಡ್ತೀನಿ. ಬೋಳ್‌ತಲೆಗೆ ಒದ್ದೆ ಬಟ್ಟೇಲಿ ಒರುಸ್ಕಂಡ್ರೂ ಆಯ್ತದೆ.”

ಮಾವ ಈ ಸಲ “ನೋಡಾನ” ಎಂದೂ ಹೇಳಲಿಲ್ಲ. ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿಯಿತು ಎಂದು ಮಗಳು ನನಗೆ ಫೋನಿನಲ್ಲಿ ಹೇಳಿದಳು. ರಾಗಿಮುದ್ದೆಯನ್ನು ಅರ್ಧಕ್ಕೆ ಬಿಟ್ಟು ಎದ್ದ ಚರಿತ್ರೆ ನಮ್ಮ ಮಾವನಿಗಿಲ್ಲ!

ಮಾರನೆಯ ಬೆಳಿಗ್ಗೆ ಮಂಡ್ಯದ ನನ್ನ ಮನೆಯ ಬಾಗಿಲಲ್ಲಿ ಮಾವ. ಕಂಕುಳಲ್ಲಿ ಒಂದು ಗೋಣಿಚೀಲ.

“ನಡಿಲಾ, ಸವರ್ರು ನೋಡ್ಬೇಕು.”

“ಯಾರಿಗೆ ಮಾವ?”

“ಯಾರ್ಗೇನ್ಲಾ, ಮನೆಗೆ. ದೀಪಾವಳಿ ಒತ್ಗೆ ಆಗ್ಬೇಕು. ನಿಮ್ಮತ್ತೆ ಕೂದ್ಲು ಬೆಟ್ಟಕ್ಕೋಗಕ್ ನಾನ್ ಬುಡಾಕಿಲ್ಲ.”

ಮಂಡ್ಯದ ಆ ಅಂಗಡಿ ಬಚ್ಚಲುಮನೆ ಸಾಮಾನುಗಳಿಗೆ ಹೆಸರಾದದ್ದು. ಗಾಜು, ದೀಪ, ಎಸಿ. ಅಲ್ಲಿಯ ಬಚ್ಚಲುಗಳನ್ನು ನೋಡಿದರೆ ಇದರಲ್ಲಿ ಸ್ನಾನ ಮಾಡುವುದೋ, ಸತ್ಯನಾರಾಯಣ ಪೂಜೆ ಇಡುವುದೋ ಎಂದು ಅನುಮಾನ ಬರುವಷ್ಟು ಚೊಕ್ಕಟ. ಮಾರಾಟದ ಹೆಣ್ಣುಮಗಳು ಬಹಳ ವಿನಯದಿಂದ ತಟ್ಟೆಯಗಲದ ಒಂದು ಶವರನ್ನು ತೋರಿಸಿದಳು.

“ಇದು ರೈನ್ ಶವರ್ ಸರ್. ಥೇಟ್ ಮಳೆ ಥರಾನೇ ಬೀಳುತ್ತೆ.”

ಮಾವನಿಗೆ ಮನಸ್ಸಿಗೆ ಬರಲಿಲ್ಲ. “ಮಳೆ ನಂಬ್ಕಂಡು ನಾವ್ ಯಾವತ್ತವ್ವ ಬೇಸಾಯ ಮಾಡಿದ್ದೀವಿ? ನಾವು ನಾಲೆ ಕಡೇವ್ರು.”

ಅವಳು ಇನ್ನೊಂದು ತೋರಿಸಿದಳು. ಅದರಲ್ಲಿ ನೀರು ಮಂಜಿನ ಹಾಗೆ ಬರುತ್ತದಂತೆ. ಮಾವ ಕೈಯೊಡ್ಡಿ ನೋಡಿ, “ಇದು ತಲೆಗೆ ಬುಟ್ರೆ ಕಿವಿ ದಾಟಾಕಿಲ್ಲ. ಕೊನೆಭಾಗಕ್ಕೆ ಯಾರ್ ಜವಾಬ್ದಾರಿ?” ಎಂದರು. ಕೊನೆಭಾಗವೆಂದರೆ ಅಂಗಾಲು ಎಂದು ನಾನು ಅನುವಾದಿಸಿ ಹೇಳಬೇಕಾಯಿತು. ಮಾವನ ಲೆಕ್ಕದಲ್ಲಿ ಮನುಷ್ಯನ ದೇಹವೂ ನಾಲೆಯ ನೀರು ಹರಿಯಬೇಕಾದ ಒಂದು ಅಚ್ಚುಕಟ್ಟು ಪ್ರದೇಶ. ನೆತ್ತಿಯಲ್ಲಿ ತೂಬು, ಬೆನ್ನು ದೊಡ್ಡ ಬಯಲು, ಕಂಕುಳು ನೀರು ಹತ್ತದ ಏರುಜಮೀನು!

ಆಮೇಲೆ ನಡೆದದ್ದನ್ನು ಬರೆಯಲು ನನಗೆ ಈಗಲೂ ಸಂಕೋಚ. ಮಾವ ಗೋಣಿಚೀಲದಿಂದ ಬಚ್ಚಲ ಮಣೆಯನ್ನು ತೆಗೆದು, ಪ್ರದರ್ಶನಕ್ಕಿಟ್ಟ ಗಾಜಿನ ಮನೆಯೊಳಗೆ ಹಾಕಿ, ಚಪ್ಪಲಿ ಹೊರಗೆ ಬಿಟ್ಟು, ಚಕ್ಕಂಬಕ್ಕಲ ಹಾಕಿಕೊಂಡು ಕೂತು ಕಣ್ಣು ಮುಚ್ಚಿದರು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಗಾಜಿನ ಸುತ್ತ ನೆರೆದರು. ಒಬ್ಬಾಕೆ ಕೈ ಮುಗಿದಂತೆಯೂ ನನಗೆ ನೆನಪು.

“ಸರ್, ನಿಂತ್ಕೊಂಡು ನೋಡ್ಬೇಕು ಸರ್” ಎಂದಳು ಹೆಣ್ಣುಮಗಳು, ಅಳುಮುಖ ಮಾಡಿ.

ಮಾವ ಕಣ್ಣು ತೆರೆದರು. “ಕುಂತ್ಕಂಡು ಮೀಯೋರ್ಗೆ ನಿಮ್ತಾವ ಏನೂ ಇಲ್ವಾ?”

ಇರಲಿಲ್ಲ. ಅಷ್ಟೂ ಶವರುಗಳು ನಿಂತು ಮೀಯುವವರಿಗೇ. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳ ಹಾಗೆ ನೀರಲ್ಲಿ ನಿಂತೇ ಕಾಲ ಕಳೆಯುವವರಿಗೆ. ಮಾವ ಮಣೆಯನ್ನು ಚೀಲಕ್ಕೆ ಹಾಕಿ ಎದ್ದರು. “ನಡಿಲಾ. ನಾನೇ ಮಾಡ್ತೀನಿ” ಎಂದರು.

ಅಲ್ಲಿಂದ ಶುರುವಾಯಿತು ನೋಡಿ! ಅತ್ತೆ ಹಾಕಿದ ಷರತ್ತು ಒಂದೇ. “ಆಸ್ಪತ್ರೆ ಥರ ಬೆಳ್ಳಗೆ ಬ್ಯಾಡ. ಒಳೀಕೋದ್ರೆ ರೋಗಿ ಅನ್ನುಸ್ಬಾರ್ದು.” ಮಾವ ಇದನ್ನು ಗಂಭೀರವಾಗಿ ತೆಗೆದುಕೊಂಡು, ಗೋಡೆಗೆ ನಾಟಿಯಾದ ಗದ್ದೆಯ ಹಸಿರೇ ಆಗಬೇಕೆಂದು ಪಟ್ಟು ಹಿಡಿದರು. ಬಣ್ಣ ಹೊಂದಿಸಲೆಂದು ಗದ್ದೆಯಿಂದ ಒಂದು ಹಿಡಿ ಪೈರು ಕಿತ್ತು ಟವೆಲ್ಲಿನಲ್ಲಿ ಸುತ್ತಿ ಬಸ್ಸು ಹತ್ತಿದರು. ಬಸ್ಸು ಮಂಡ್ಯ ತಲುಪುವಷ್ಟರಲ್ಲಿ ಪೈರು ಬಾಡಿ ಹಳದಿಗೆ ತಿರುಗಿತ್ತು. ಟೈಲ್ಸಿನವರು ಪ್ರಾಮಾಣಿಕವಾಗಿ ಹಳದಿ ಟೈಲ್ಸ್ ತೋರಿಸಿದರು. ಮಾವ ಹಿಂದಿರುಗಿ, ಇನ್ನೊಂದು ದಿನ ಅದೇ ಗದ್ದೆಯ ಪೈರನ್ನು ಕೆಸರುನೀರು ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸಿ ತಂದರು. ಬಕೆಟ್ಟಿಗೆ ಲಗೇಜು ಟಿಕೆಟ್ಟು ಹರಿಯುವುದೋ ಬೇಡವೋ ಎಂದು ಕಂಡಕ್ಟರಿಗೂ ಅವರಿಗೂ ಮದ್ದೂರು ಬರುವವರೆಗೆ ಚರ್ಚೆ ನಡೆಯಿತಂತೆ. ಅಂತೂ ಹಸಿರು ಸಿಕ್ಕಿತು.

ಪ್ಲಂಬರ್ ಕೆಲಸಕ್ಕೂ ಗಾರೆ ಕೆಲಸಕ್ಕೂ ಮದ್ದೂರಿನಿಂದ ಬಂದವನು ಒಬ್ಬನೇ. ಸಣ್ಣಗೆ, ನಿಧಾನವಾಗಿ, ಬೀಡಿ ಹಚ್ಚಿಕೊಂಡು ಮಾತಾಡುವ ಮನುಷ್ಯ. ನೀರು ಮೋರಿಯ ಕಡೆಗೆ ಹರಿಯುವಂತೆ ನೆಲಕ್ಕೆ ಇಳಿಜಾರು ಕೊಡುತ್ತಾರಲ್ಲ, ಅದಕ್ಕೆ ವಾಟ ಎನ್ನುತ್ತಾರೆ. ಅವನು ಕೊಟ್ಟ ವಾಟ ಮಾವನಿಗೆ ಸಾಲಲಿಲ್ಲ.

“ನೀರು ಎಲ್ಲೂ ನಿಲ್ಬಾರ್ದು ಕಣಯ್ಯ. ನಿಂತ ನೀರು ನಾಲೆಗೆ ಅವಮಾನ.”

“ಗೌಡ್ರೇ, ಇದು ಬಚ್ಚಲು.”

“ನೀನ್ ಕೊಡು.”

ಕೊಟ್ಟ. ನುಣುಪು ಟೈಲ್ಸ್ ಕೂರಿಸಿದ. ಪರೀಕ್ಷೆಗೆಂದು ಮಾವ ಮಣೆ ಹಾಕಿ ಕೂತು ನೀರು ಬಿಡಿಸಿದರು. ನೀರು ಹೊರಟಿತು. ಅದರ ಹಿಂದೆಯೇ ಮಣೆ ಹೊರಟಿತು. ಮಣೆಯ ಮೇಲೆ ಮಾವ ಹೊರಟರು. ಯಾವ ಆತುರವೂ ಇಲ್ಲದೆ, ತೆಪ್ಪೋತ್ಸವದ ದೇವರ ಹಾಗೆ ಸಾಗಿ ಮೋರಿಯ ಬಾಯಲ್ಲಿ ನಿಂತರು.

“ನೋಡ್ದಾ? ನೀರು ಇಂಗ್ ಓಗ್ಬೇಕು” ಎಂದರು, ಸೋಲೊಪ್ಪದೆ.

“ನೀರು ಓಗ್ಲಿ ಗೌಡ್ರೇ, ನೀವ್ಯಾಕ್ ಓದ್ರಿ?” ಎಂದ ಅವನು, ಬೀಡಿಯ ಬೂದಿ ಕೊಡವುತ್ತ.

ಆ ನುಣುಪು ಟೈಲ್ಸ್ ಎದ್ದು, ಜಾರದ ಒರಟು ಕಲ್ಲುಚಪ್ಪಡಿ ಬಂತು. ವಾಟ ಮನುಷ್ಯರ ಮಟ್ಟಕ್ಕೆ ಇಳಿಯಿತು. ಗೋಡೆಗೆ ಹಿಡಿದುಕೊಳ್ಳಲು ಒಂದು ಉಕ್ಕಿನ ಸರಳು ಬಂತು. ಮಣೆಯ ಜಾಗದಲ್ಲಿ ಕಲ್ಲಿನದೇ ಒಂದು ಮೋಟು ಪೀಠ ಎದ್ದಿತು. ತಾರಸಿಯ ಮೇಲೆ ಬಿಸಿಲಿನಲ್ಲಿ ನೀರು ಕಾಯಿಸುವ ಸೋಲಾರು ಬಂತು. ಮಂಡ್ಯದ ಬಿಸಿಲಿಗೆ ಕಡೆಗೂ ಒಂದು ಸಭ್ಯ ಉದ್ಯೋಗ ಸಿಕ್ಕಂತಾಯಿತು.

ಉಳಿದದ್ದು ನೀರು ಬೀಳುವ ಬಾಯಿ. ಒಂದು ಬೆಳಿಗ್ಗೆ ಅತ್ತೆಯ ತಾಮ್ರದ ಚೊಂಬು ಕಾಣೆಯಾಯಿತು. ಸಂಜೆ ಮದ್ದೂರು ಪೇಟೆಯಿಂದ ಮಾವನ ಜೊತೆ ಹಿಂದಿರುಗಿತು. ಕುತ್ತಿಗೆ ಬಾಗಿಸಿ, ಬೆನ್ನಿಗೆ ಪೈಪಿನ ತಿರುಪು ಬೆಸೆದು, ಬಾಯಿಗೆ ತೂತು ಕೊರೆದ ಮುಚ್ಚಳ ಕೂರಿಸಿಕೊಂಡು!

“ನಮ್ ತವ್ರೋರ್ ಕೊಟ್ಟ ಚೊಂಬ್ಗೆ ತೂತ್ ಕೊರ್ಸ್‌ಬುಟ್ರಲ್ರೀ! ನಿಮ್ ಕೈ ಸೇದೋಗ!”

“ಕೈ ಸೇದೋಗಿರಾದು ನಿಂದು ಕಣಮ್ಮಿ. ಅದಕ್ಕೇ ಕೊರ್ಸಿದ್ದು.”

ಅತ್ತೆ ಚೊಂಬನ್ನು ತಿರುಗಿಸಿ ತಿರುಗಿಸಿ ನೋಡಿ, “ಉಣ್ಸೆಹಣ್ಣಾಕಿ ವಸಿ ಬೆಳಗ್ಸಿದ್ರೆ ಏನ್ ಕಳ್ಕತಿದ್ರಿ?” ಎಂದು ಒಳಗೆ ತೆಗೆದುಕೊಂಡು ಹೋದರು. ಇದನ್ನು ಒಪ್ಪಿಗೆ ಎಂದು ದಾಖಲಿಸಲಾಯಿತು.

ಚೊಂಬನ್ನು ಎಷ್ಟು ಎತ್ತರಕ್ಕೆ ತೂಗಿಸಬೇಕು? ಮಾವನ ಬಳಿ ಟೇಪು ಇತ್ತು. ಆದರೆ ಅವರು ಪೀಠದ ಮೇಲೆ ಕೂತು ಕಣ್ಣು ಮುಚ್ಚಿ, ಚೊಂಬು ಹಿಡಿದು ಹಿಂದೆ ನಿಲ್ಲುವಂತೆ ನನಗೆ ಅಪ್ಪಣೆ ಮಾಡಿದರು.

“ವಸಿ ನೀರು ಬುಡು... ಇಲ್ಲ, ಇನ್ನೂ ಮ್ಯಾಕೆ. ಅಷ್ಟ್ ಮ್ಯಾಕಲ್ಲ ಕಣ್ಲಾ, ನಿಮ್ಮತ್ತೆ ನಿನ್ ಥರ ತೆಂಗಿನ ಮರವಾ? ಕೆಳೀಕೆ... ವಸಿ ಎಡಕ್ಕೆ... ಆ! ಅಲ್ಲಿ! ಅಲ್ಲಿಂದ ಬೀಳ್ತಿತ್ತು.”

ಕಣ್ಣು ಮುಚ್ಚಿಕೊಂಡೇ ಪೆನ್ಸಿಲ್ ಕೊಟ್ಟು ಗುರುತು ಹಾಕಿಸಿದರು. ಅಷ್ಟು ವರ್ಷ ಕಣ್ಣಿಗೆ ಸೀಗೆಪುಡಿ ಬಿದ್ದದ್ದು ವ್ಯರ್ಥವಾಗಿರಲಿಲ್ಲ.

ಕೊನೆಯದಾಗಿ ನೀರು ಬಿಡುವ ತಿರುಗಣಿ. ಅಂಗಡಿಯ ಹೊಳೆಯುವ ನಲ್ಲಿ ಮಾವನಿಗೆ ಹಿಡಿಸಲಿಲ್ಲ. ಸೋಮನಹಳ್ಳಿಯ ಕಡೆ ಒಂದು ಗುಜರಿಯಲ್ಲಿ ಹುಡುಕಿ, ತಮ್ಮ ತೂಬಿನ ಚಕ್ರದ ಮರಿಯಂತಿದ್ದ ಒಂದು ಪುಟ್ಟ ಕಬ್ಬಿಣದ ಚಕ್ರ ತಂದು, ಹಸಿರು ಬಣ್ಣ ಬಳಿದು, ಚೊಂಬಿನ ನೆತ್ತಿಯ ಮೇಲೆ ಗೋಡೆಗೆ ಕೂರಿಸಲು ಹೇಳಿದರು.

“ಚಕ್ರ ಇಷ್ಟ್ ಮ್ಯಾಕಾ?” ಎಂದ ಪ್ಲಂಬರ್.

“ತೂಬಿನ ಚಕ್ರ ಕೆಳೀಕಿರಾದ್ ಎಲ್ಲಾದ್ರೂ ನೋಡಿದ್ದೀಯಾ?”

ಅವನು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಎಲ್ಲರೂ ಒಪ್ಪಿದೆವು. ಗದ್ದೆಯ ಹಸಿರಿನ ಗೋಡೆ, ಮೇಲೆ ಬೆಳಗಿದ ತಾಮ್ರದ ಚೊಂಬು, ಅದರ ಮೇಲೆ ಕಿರೀಟದಂತೆ ಚಕ್ರ. ನಿಜಕ್ಕೂ ಚೆಲುವಾಗಿತ್ತು. ಊರವರು ಬಂದು ನೋಡಿಹೋದರು. ಮಾವ ಚಕ್ರ ತಿರುಗಿಸಿ ನೀರು ಬಿಟ್ಟು ತೋರಿಸುತ್ತಿದ್ದರು. ನಾನೂ ತಿರುಗಿಸಿದೆ. ಅತ್ತೆ ಮಾತ್ರ ಹಬ್ಬದ ದಿನವೇ ನೋಡುತ್ತೇನೆಂದು ಒಳಗೆ ಕಾಲಿಡಲಿಲ್ಲ.

ನೀರು ತುಂಬುವ ಹಬ್ಬ ಬಂತು. ಹಂಡೆ ಬೆಳಗಿ, ಸುಣ್ಣದ ಗೆರೆ ಎಳೆದು, ಹಾಗಲಬಳ್ಳಿ ಸುತ್ತಿ ನೀರು ತುಂಬುವುದು ವಾಡಿಕೆ. ಅತ್ತೆ ಒಂದು ಎಳೆ ಬಳ್ಳಿಯನ್ನು ಮಗಳ ಕೈಯಿಂದ ಆ ಚೊಂಬಿಗೂ ಕಟ್ಟಿಸಿದರು. ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ, ಮಂಡಿಯುದ್ದದ ಕೂದಲಿಗೆ ಎಣ್ಣೆ ತುಂಬಿಸಿಕೊಂಡು, ಯಾರ ನೆರವೂ ಬೇಡವೆಂದು ಸನ್ನೆ ಮಾಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಗಳು, ಅಳಿಯ, ನಾನು, ನನ್ನ ಹೆಂಡತಿ, ಹಬ್ಬದೂಟಕ್ಕೆಂದು ಕರೆದ ಪ್ಲಂಬರ್, ಎಲ್ಲರೂ ಹಿತ್ತಿಲಿನಲ್ಲಿ. ಮಾವ ಗೋಡೆಗೆ ಕಿವಿ ಕೊಟ್ಟು ನಿಂತರು.

ಸದ್ದಿಲ್ಲ. ಬಳೆಯ ಸದ್ದು ಒಮ್ಮೆ. ಮತ್ತೆ ಸದ್ದಿಲ್ಲ.

“ಏನಮ್ಮಿ, ನೀರ್ ಬತ್ತಿಲ್ವಾ?”

“ಇದನ್ನ ಬುಡಾ ಚಕ್ರ ಎಲ್ಲೈತೆ?”

“ಅಲ್ಲೇ, ಮ್ಯಾಕೆ! ಚೊಂಬಿನ್ ಮ್ಯಾಗೆ!”

ಒಳಗೆ ಮತ್ತೊಮ್ಮೆ ಬಳೆಯ ಸದ್ದು.

“ಅಷ್ಟ್ ಮ್ಯಾಕೆ ಕೈ ಎತ್ತಂಗಿದ್ರೆ, ಚೊಂಬ್ನೇ ಎತ್ಕತಿರ್ನಿಲ್ವಾ?”

ಪ್ಲಂಬರ್ ಬೀಡಿ ಕೆಳಗೆ ಹಾಕಿದ. ನಾನು ನೆಲ ನೋಡಿದೆ. ಚೊಂಬಿನ ಎತ್ತರಕ್ಕೆ ಅಷ್ಟು ತಲೆ ಕೆಡಿಸಿಕೊಂಡ ನಾವು, ಯಾವ ಕೈ ಮೇಲೇರುವುದಿಲ್ಲವೆಂದು ಇಷ್ಟೆಲ್ಲ ಮಾಡಿದೆವೋ ಅದೇ ಕೈಯನ್ನು ಮರೆತಿದ್ದೆವು! ನಾಲೆಯ ಏರಿ ಒಡೆದ ದಿನ ಸಹ ಮಾವನ ಮುಖ ಹಾಗಾಗಿರಲಿಲ್ಲವಂತೆ. ಬೆಟ್ಟದ ಬಸ್ಸು ಬಾಗಿಲಿಗೇ ಬಂದು ಹಾರನ್ ಹೊಡೆದಂತೆ ನಿಂತಿದ್ದರು. ಮಗಳು “ನಾನ್ ಬತ್ತೀನಿ ಕಣವ್ವ” ಎಂದು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು. ಒಳಗಿನಿಂದ “ಬ್ಯಾಡ” ಎಂಬ ಒಂದೇ ಮಾತು.

ಆಗ ಮಾವ, “ಬಾಗ್ಲು ತಗಿ ಒಂಚೂರು” ಎಂದರು. ಒಳಗೆ ಹೋಗಿ ಚಕ್ರವನ್ನು ಪೂರ್ತಿ ತಿರುಗಿಸಿದಂತಾಯಿತು. ನೀರು ಬೀಳುವ ಮೊದಲೇ ಓಡಿ ಹೊರಬಂದರೆಂದು ಹೇಳಲಾರೆ, ಏಕೆಂದರೆ ಅರ್ಧ ಒದ್ದೆಯಾಗಿಯೇ ಬಂದರು. ನೆಟ್ಟಗೆ ಹಿತ್ತಿಲ ಗೋಡೆಯ ಬಳಿ ಹೋದರು. ತಾರಸಿಯಿಂದ ಇಳಿಯುವ ಪೈಪಿಗೆ ಅಲ್ಲೊಂದು ದೊಡ್ಡ ವಾಲ್ವು. ಅದನ್ನು ಬಿಗಿದು ನೀರು ನಿಲ್ಲಿಸಿ, ಮೊರದಂಥ ತಮ್ಮ ಎರಡು ಕೈಗಳನ್ನೂ ಅದರ ಮೇಲೆ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತರು.

“ನಾನ್ ಆಚಿಂದ ಬುಡ್ತೀನಿ ಕಣಮ್ಮಿ. ಯಾವಾಗ ಅಂತ ನೀನ್ ಏಳು.”

ಒಳಗಿನಿಂದ ಮೊದಲು ಬಾಗಿಲು ಹಾಕಿದ ಸದ್ದು. ಆಮೇಲೆ ಅತ್ತೆಯ ದನಿ:

“ನೀರ್ ಬುಡಿ.”

ಮಾವ ಆಕಾಶ ನೋಡಲಿಲ್ಲ. “ನೋಡಾನ” ಎನ್ನಲಿಲ್ಲ. ತಕ್ಷಣ ಬಿಟ್ಟರು. ಚೊಂಬಿನಿಂದ ಕಲ್ಲಿನ ಮೇಲೆ ದಬದಬ ಸದ್ದು. “ವಸಿ ಕಮ್ಮಿ ಮಾಡಿ” ಎಂದರೆ ಕಮ್ಮಿ. “ನಿಲ್ಸಿ, ಸೀಗೆಪುಡಿ ಆಕ್ಕತೀನಿ” ಎಂದರೆ ನಿಂತಿತು. “ಈಗ್ ಬುಡಿ, ಕಣ್ಗೋಯ್ತು!” ಎಂದಾಗ ನಾವೆಲ್ಲ ಮಾವನನ್ನು ನೋಡಿದೆವು. ಇಡೀ ದಾಂಪತ್ಯದ ಬಾಕಿ ತೀರಿಸಿಕೊಳ್ಳಲು ಇಂಥ ಮುಹೂರ್ತ ಇನ್ನೊಮ್ಮೆ ಬರುತ್ತದೆಯೇ? ಮಾವನ ಕೈಯಲ್ಲಿ ವಾಲ್ವು, ಅತ್ತೆಯ ಕಣ್ಣಲ್ಲಿ ಸೀಗೆಪುಡಿ! ಆದರೆ ಆ ಪೆದ್ದು ಮನುಷ್ಯ ಆಕೆ ಮಾತು ಮುಗಿಸುವ ಮೊದಲೇ ನೀರು ಬಿಟ್ಟಿದ್ದರು.

ಕೂದಲು ಹೊರಬಂತು, ಮಂಡಿಯವರೆಗೂ ನೀರು ಸುರಿಸುತ್ತ. “ನೀರ್ ಬುಟ್ಟಿದ್ದು ಅವ್ರು, ಮಿಂದಿದ್ದು ನಾನೇ” ಎಂದು ಅತ್ತೆ ತೀರ್ಪು ಕೊಟ್ಟರು. ಬೆಟ್ಟದ ಪ್ರಯಾಣ ರದ್ದಾಯಿತು.

ಹಬ್ಬ ಕಳೆದ ಮೇಲೆ ಪ್ಲಂಬರ್ ಬಂದು ಆ ಕಿರೀಟದ ಚಕ್ರವನ್ನು ಬಿಚ್ಚಿ, ಪೀಠದ ಮೇಲೆ ಕೂತರೆ ಎಡಗೈಗೆ ಎಟಕುವಂತೆ ಒಂದು ಹಿಡಿ ಹಾಕಿಹೋದ. ಮಾವನೇ ಮಂಡ್ಯಕ್ಕೆ ಬಂದು ಆರಿಸಿದ್ದು. ಅಂಗಡಿಯ ಆ ಹೆಣ್ಣುಮಗಳು ಅವರನ್ನು ಕಂಡ ಕೂಡಲೇ ಗಾಜಿನ ಮನೆಯ ಬಾಗಿಲಿಗೆ ಅಡ್ಡ ನಿಂತಳು.

ಮೊನ್ನೆ ಶನಿವಾರ ಅವರ ಮನೆಯಲ್ಲಿದ್ದೆ. ಬೆಳಿಗ್ಗೆ ನಾನೂ ಅದರಡಿ ಕೂತೆ. ಏನು ಹೇಳಲಿ! ಬೆನ್ನ ಹಿಂದೆ ಯಾರೋ ನಿಂತು ಚೊಂಬಿನಿಂದ ನ್ಯಾಯವಾಗಿ ಸುರಿಯುತ್ತಿದ್ದಾರೆ ಎನಿಸುತ್ತದೆ. ಕೊನೆಭಾಗಕ್ಕೂ ನೀರು ತಲುಪುತ್ತದೆ. ಹಿಡಿ ಎಷ್ಟು ಹಗುರವೆಂದರೆ ಒಂದು ಬೆರಳಿಗೆ ತಿರುಗುತ್ತದೆ. ಹೀಗೆ ಮುಖಕ್ಕೆಲ್ಲ ಸೋಪು ಹಚ್ಚಿಕೊಂಡು ತಿರುಗಿಸಿದೆ. ನೀರಿಲ್ಲ! ಗೋಡೆಯಾಚೆ ಕೆಮ್ಮಿದ ಸದ್ದು.

“ಏನ್ಲಾ, ಸಂಜೆಗೇ ಓಯ್ತೀನಿ ಅಂದ್ಯಂತೆ?”

“ಮಾವ, ಕಣ್ಣು ಉರೀತಿದೆ, ನೀರು ಬಿಡಿ!”

“ನಾಳೀಕೆ ಓದ್ರೆ ಆಗಾಕಿಲ್ವಾ?”

“ಆಗುತ್ತೆ, ನಾಳೆನೇ ಹೋಗ್ತೀನಿ!”

ನೀರು ಬಂತು. ಅತ್ತೆಯ ಶಿಷ್ಯವೃತ್ತಿಯಲ್ಲಿ ಮಾವ ಇಷ್ಟಾದರೂ ಕಲಿತಿದ್ದಾರೆ.

ನನ್ನದಾದ ಮೇಲೆ ಅತ್ತೆಯ ಸರದಿ. ಮಾವ ಹಿತ್ತಿಲಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿಕೊಂಡು, ವಾಲ್ವು ಬಿಗಿದು ಕೂತರು. ಒಳಗಿನಿಂದ “ನೀರ್ ಬುಡಿ” ಎಂದಿತು. ಇವರು ಬಿಟ್ಟರು. ಗೋಡೆಯ ಆಚೆ ನೀರು, ಈಚೆ ಮಾವ, ನಡುವೆ ಮಾತು. ಕರುವನ್ನು ಮಾರುವುದೋ ಬೇಡವೋ, ಮೊಮ್ಮಗಳ ಹಲ್ಲು, ಪಕ್ಕದ ಮನೆಯವರ ಬೇಲಿ. ನಡುವೆ ಅತ್ತೆಯ ನಗು. ಎಷ್ಟೋ ತಿಂಗಳ ಮೇಲೆ ಹಿತ್ತಿಲಿಗೆ ಆ ಸದ್ದು ಹಿಂದಿರುಗಿತ್ತು.

ಅತ್ತೆ ಬಂದು ಅಂಗಳದ ಬಿಸಿಲಿಗೆ ಕೂದಲು ಹರವಿಕೊಂಡು ಕೂತಾಗ, ಬುದ್ಧಿವಂತನಾದ ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

“ಅಲ್ಲ ಅತ್ತೆ, ಒಳಗೇ ಕೈಗೆಟಕೋ ಹಾಗೆ ಹಿಡಿ ಇದೆಯಲ್ಲ. ಆಚೆ ವಾಲ್ವು ಬಿಟ್ಟಿದ್ರೆ ನೀವೇ ತಿರುಗಿಸ್ಕೋಬಹುದು. ಪ್ರತಿ ಸಲ ಕೂಗಿ ಕೂಗಿ ಯಾಕೆ ಕೇಳ್ತೀರಾ?”

ಅತ್ತೆ ಎಡಗೈಯಲ್ಲಿ ಸಿಕ್ಕು ಬಿಡಿಸುತ್ತಿದ್ದರು. ಹಿತ್ತಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಗೊತ್ತು ಕಣಪ್ಪ. ಒಂದೇ ಬೆರಳ್ಗೆ ತಿರುಗ್ತದೆ. ಅವ್ರಿಲ್ದಾಗ ನೋಡಿವ್ನಿ.” ಸಿಕ್ಕು ಬಿಡಿಸುವುದನ್ನು ನಿಲ್ಲಿಸಿದರು. “ಕೆಲ್ಸ ಬುಟ್ಟ್ ಮ್ಯಾಲೆ, ಅವರ್ನ ಯಾರಾದ್ರೂ ‘ನೀರ್ ಬುಡಿ’ ಅಂತ ಕೇಳವ್ರಾ?”

ಅಷ್ಟರಲ್ಲಿ ಹಿತ್ತಿಲಿನಿಂದ ಮಾವನ ದನಿ ಬಂತು.

“ಏನಮ್ಮಿ, ಪೂರಾ ನಿಂತೈತಾ ನೋಡು. ಚೊಂಬಲ್ಲಿ ಇನ್ನೂ ತೊಟ್ಟಿಕ್ತೈತಾ?”

ನಾನು ಕೂತಲ್ಲಿಂದಲೇ ಬಚ್ಚಲಿನ ತೆರೆದ ಬಾಗಿಲು ಕಾಣುತ್ತಿತ್ತು. ಹಸಿರು ಗೋಡೆಯ ಮೇಲೆ ತಾಮ್ರದ ಚೊಂಬು ಹೊಳೆಯುತ್ತಿತ್ತು. ಒಂದು ಹನಿಯೂ ಬೀಳುತ್ತಿರಲಿಲ್ಲ.

ಅತ್ತೆ ಆ ಕಡೆ ತಿರುಗಿಯೂ ನೋಡಲಿಲ್ಲ.

“ಊಂ ಕಣ್ರೀ, ವಸಿ ತೊಟ್ಟಿಕ್ತಾ ಐತೆ” ಎಂದು ಕೂಗಿದರು. “ಬಂದು ಬಿಗಿ ಮಾಡಿ.”